ಅತ್ತೆ ಮನೆಯ ನಂಬರ್ ಪ್ಲೇಟ್

ಕೇಕಿನ ಮೇಲೆ ಶೆಲ್ಬಿಯ ಹೆಸರು ದೊಡ್ಡದು, ಹ್ಯಾಡ್ಲಿಯದು ಚಿಕ್ಕದು, ಬರೆದವಳಿಗೆ ಕೊನೆಯಲ್ಲಿ ಜಾಗ ಸಾಲಲಿಲ್ಲವೇನೋ, ನನ್ನ ಮಗಳ ಹೆಸರಿನ ಕೊನೆಯ ಅಕ್ಷರ ಅಂಚಿನಿಂದ ಜಾರಿ ನೀಲಿ ಹನಿಯಾಗಿ ತೂಗುತ್ತಿದೆ, ಸಾಲದಿದ್ದರೆ ಶೆಲ್ಬಿಯದನ್ನೇ ಸಣ್ಣದಾಗಿ ಬರೆಯಬಹುದಿತ್ತಲ್ಲ — ಥೂ ರೋಂಡಾ, ತಂಗಿಯ ಮಗಳ ಮೇಲೆ, ಕೇಕಿನ ಅಕ್ಷರಕ್ಕೂ ಹೊಟ್ಟೆಕಿಚ್ಚೇ, ನಲವತ್ತೊಂಬತ್ತು ವರ್ಷದ ಹೆಂಗಸು, ಭಾನುವಾರದ ಪ್ರಾರ್ಥನೆ ಮುಗಿಸಿ ಚರ್ಚಿನ ಊಟದ ಹಾಲಿನಲ್ಲಿ ಬಾಳೆಹಣ್ಣಿನ ಪುಡ್ಡಿಂಗ್ ಹಿಡಿದು ನಿಂತವಳು. ಹೌದು, ಅಕ್ಷರಕ್ಕೂ. ಚೀಲದೊಳಗೆ ಆ ಕಾಗದ ಇದೆ, ನಿನ್ನೆ ಮಧ್ಯಾಹ್ನ ಅಂಚೆಪೆಟ್ಟಿಗೆಯಿಂದ ಎತ್ತಿದ್ದು, ಹ್ಯಾಡ್ಲಿಯ ಹೆಸರಿಗಿದ್ದರೂ ನಾನೇ ಒಡೆದಿದ್ದು, ಕಾಲೇಜು ಸಹಾಯಧನದ ಮನವಿಯನ್ನು ಮರುಪರಿಶೀಲಿಸಲಾಗಿದೆ, ಕುಟುಂಬ ವರ್ಜೀನಿಯಾದ ನಿವಾಸಿ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ — ಹತ್ತೊಂಬತ್ತು ವರ್ಷದಿಂದ ವರ್ಜೀನಿಯಾದ ನೆಲ ಒರೆಸುತ್ತಿದ್ದೇನೆ, ವರ್ಜೀನಿಯಾದ ನಲ್ಲಿಯ ಕೆಳಗೆ ಪಾತ್ರೆ ತೊಳೆಯುತ್ತಿದ್ದೇನೆ, ಪುರಾವೆ ಇಲ್ಲವಂತೆ. ಪುರಾವೆ ಹೊರಗೆ ನಿಂತಿದೆ, ನಮ್ಮ ಕಾರಿನ ಹಿಂದೆ, ನಂಬರ್ ಪ್ಲೇಟಿನ ಮೇಲೆ ಟೆನೆಸ್ಸೀ ಎಂದು ದಪ್ಪಕ್ಷರದಲ್ಲಿ, ನಾಲ್ಕು ಸ್ಕ್ರೂಗಳ ನಡುವೆ, ಮೂರಕ್ಕೆ ತುಕ್ಕು, ಒಂದು ಹೊಳೆಯುತ್ತದೆ.

ನಮ್ಮೂರಿನ ದೊಡ್ಡ ಬೀದಿಯ ನಡುವೆ ಎರಡು ರಾಜ್ಯಗಳ ಗಡಿಗೆ ಹಿತ್ತಾಳೆಯ ಗೆರೆ, ಈಚೆ ಕಾಲಿಟ್ಟರೆ ವರ್ಜೀನಿಯಾ, ಆಚೆ ಇಟ್ಟರೆ ಟೆನೆಸ್ಸೀ, ಆಚೆ ಸಂಬಳಕ್ಕೆ ತೆರಿಗೆಯಿಲ್ಲ, ಈಚೆಯಂತೆ ವರ್ಷವರ್ಷ ಕಾರಿಗೂ ಕಪ್ಪ ಕಟ್ಟುವ ಗೋಳಿಲ್ಲ, ಆಚೆ ನನ್ನ ಗಂಡ ಡ್ವೈಟ್‌ನ ಅಮ್ಮನ ಮನೆ. ಕ್ಷೌರದಂಗಡಿಯಲ್ಲಿ ಯಾರೋ ಅವನಿಗೆ ಹೇಳಿದರಂತೆ, ಗೆರೆ ದಾಟಿದ್ರೆ ಹೆತ್ತಮ್ಮನ ಮನೆ ಇರೋವಾಗ ಇಲ್ಲಿ ತೆರಿಗೆ ಕಟ್ತೀಯಲ್ಲೋ ಹುಚ್ಚಪ್ಪ, ಊರಿಗೆ ಊರೇ ಏನು ಮಾಡ್ತಿದೆ ನೋಡು. ಸರಿ, ನನ್ನ ಗಂಡ ಜಾಣನಾದ. ಲೈಸೆನ್ಸು, ಸಂಬಳದ ಕಾಗದ, ಕಾರು, ಎಲ್ಲದಕ್ಕೂ ಅತ್ತೆಯ ವಿಳಾಸ. ಒಂದು ಶನಿವಾರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ ಪ್ಲೇಟ್ ಹಾಕಿದ, ಹಳೆಯ ಸ್ಕ್ರೂ ಒಂದು ಮುರಿಯಿತು, ಲೇ ರೋಂಡಾ ಒಂದು ಸ್ಕ್ರೂ ಕೊಡೇ ಅಂದ, ನಾನೇ, ನಾನೇ ಅಡುಗೆಮನೆ ಕಪಾಟಿನ ಹಿಡಿಯಿಂದ ಒಂದನ್ನು ಬಿಚ್ಚಿ ಕೊಟ್ಟೆ — ಆ ಹಿಡಿ ಇವತ್ತಿಗೂ ಒಂದೇ ಸ್ಕ್ರೂವಿನ ಮೇಲೆ ನೇತಾಡುತ್ತದೆ, ಬೆಳಿಗ್ಗೆ ಕಾಫಿ ಡಬ್ಬಿ ತೆಗೆಯಲು ಎಳೆದರೆ ತಲೆ ಬಗ್ಗಿಸುತ್ತದೆ. ಆ ದಿನ ಎಷ್ಟು ನಕ್ಕೆವು, ಟೋನ್ಯಾಳನ್ನು ನೆನೆಸಿಕೊಂಡು, ಕಾರಿನ ತೆರಿಗೆಯ ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲುವ ನನ್ನ ತಂಗಿಗೆ ಕಾನೂನಮ್ಮ ಎಂದು ಹೆಸರಿಟ್ಟಿದ್ದೇ ನಾನು. ಕಾನೂನಮ್ಮನ ಮಗಳನ್ನು ಈಗ ರಾಜ್ಯವೇ ಕೈಹಿಡಿದಿದೆ. ಹುಡುಗಿಯರಿಬ್ಬರೂ ಸೇರಬೇಕೆಂದಿರುವ ಬೆಟ್ಟದ ಮೇಲಿನದು ಖಾಸಗಿ ಕಾಲೇಜು, ನಮ್ಮಂಥವರ ಕೈಗೆಟುಕುವ ಶುಲ್ಕವಲ್ಲ, ಆದರೆ ರಾಜ್ಯದ ಮಕ್ಕಳು ರಾಜ್ಯದೊಳಗಿನ ಖಾಸಗಿ ಕಾಲೇಜಿಗೆ ಸೇರಿದರೆ ಶುಲ್ಕಕ್ಕೆ ಸಹಾಯಧನ, ಬಡವ ಬಲ್ಲಿದ ಎಂದು ಕೇಳುವುದಿಲ್ಲ, ಎಲ್ಲರಿಗೂ ಒಂದೇ, ಟೋನ್ಯಾಳ ಗಂಡ, ಎರಡು ಫರ್ನಿಚರ್ ಅಂಗಡಿಗಳ ಒಡೆಯ ಕರ್ಟಿಸನ ಮಗಳಿಗೂ. ಅದು ಬಂದ್ರೆ ಹ್ಯಾಡ್ಲಿ ಹೋಗ್ತಾಳೆ, ಬರದಿದ್ರೆ ಇಲ್ಲ, ನಾನೂ ಡ್ವೈಟೂ ಕೂತು ಎಷ್ಟು ಸಲ ದುಡ್ಡಿನ ಲೆಕ್ಕ ಜೋಡಿಸಿದರೂ ಅಷ್ಟೇ. ಮತ್ತು ಟೋನ್ಯಾ, ಹೋದ ವಾರ, ಫೋನಿನಲ್ಲಿ, ಅದು ಬಂದಿದ್ದಕ್ಕೆ ಉಳೀತಲ್ಲ ಅಕ್ಕಾ, ಶೆಲ್ಬಿ ಹಾಸ್ಟೆಲ್ ರೂಮಿಗೆ ಒಂದು ಪುಟ್ಟ ಫ್ರಿಜ್ ತಗೊಂಡ್ವಿ, ಗುಲಾಬಿ ಬಣ್ಣದ್ದು, ಎಷ್ಟು ಮುದ್ದಾಗಿದೆ ಗೊತ್ತಾ. ನನ್ನ ಮಗಳ ಕಾಲೇಜು ಅವರ ಫ್ರಿಜ್ಜಾಯಿತು. ಚಿಕ್ಕಂದಿನಿಂದಲೂ ಹೀಗೆಯೇ, ಕೆಂಪು ಕೋಟು ಅವಳಿಗೆ, ಅವಳು ಕೇಳುವುದೇ ಇಲ್ಲ, ಸುಮ್ಮನೆ ನಿಲ್ಲುತ್ತಾಳೆ, ಬರುತ್ತದೆ.

ಪಾದ್ರಿ ಗಾರ್ಲಂಡ್ ಚಮಚದಿಂದ ಲೋಟ ಬಡಿಯುತ್ತಿದ್ದಾರೆ, ಪ್ರತಿ ಮೇ ತಿಂಗಳೂ ಹೈಸ್ಕೂಲು ಮುಗಿಸಿದವರನ್ನು ಹೆಸರು ಹಿಡಿದು ಕರೆದು ಎಲ್ಲಿಗೆ ಹೋಗುತ್ತಾರೆಂದು ಸಾರುತ್ತಾರೆ, ನಾವು ಹೆಂಗಸರು ಚಳಿಗಾಲವೆಲ್ಲ ಹೊಲಿದ ಕೌದಿ ಹೊದಿಸುತ್ತೇವೆ. ನೋಡ್ರಪ್ಪಾ, ಅಕ್ಕತಂಗೀರ ಮಕ್ಕಳು, ಇಬ್ರೂ ಒಂದೇ ಕಾಲೇಜು, ಇಬ್ರೂ ನರ್ಸಿಂಗು, ಇನ್ಮೇಲೆ ನನಗೆ ಧೈರ್ಯವಾಗಿ ಜ್ವರ ಬರಬಹುದು — ಎಲ್ಲರೂ ನಗುತ್ತಾರೆ, ಚಪ್ಪಾಳೆ, ನಾನೂ ತಟ್ಟುತ್ತೇನೆ, ಶೆಲ್ಬಿಗೂ ಇಂಥದೇ ಕಾಗದ ಬರಲಿ ಎಂದುಕೊಂಡು ತಟ್ಟುತ್ತೇನೆ, ದೇವರೇ, ಈ ಕೈಯಲ್ಲೇ ಸ್ನಾನ ಮಾಡಿಸಿದ ಮಗು, ಆದರೂ ಬರಲಿ. ಹ್ಯಾಡ್ಲಿ ಕೌದಿ ಅಪ್ಪಿಕೊಂಡು ನಿಂತಿದ್ದಾಳೆ, ನನ್ನ ಕಡೆ ನೋಡುತ್ತಿಲ್ಲ. ಪಕ್ಕದಲ್ಲಿ ಅತ್ತೆ ಅರ್ನೆಸ್ಟೀನ್ ಕೋಳಿಯ ಮೂಳೆ ಚೀಪುತ್ತಾ, ಮೂರು ವರ್ಷದಿಂದ ನನ್ನ ಮನೇಲೇ ಇದೀಯಂತೆ ಕಾಗದದಲ್ಲಿ, ಒಂದು ದಿನಾನೂ ತಟ್ಟೆ ತೊಳೀಲಿಲ್ಲವಲ್ಲೇ ಸೊಸೆ. ಸುಮ್ನಿರಿ ಅತ್ತೆ. ಟೋನ್ಯಾ ಹತ್ತಿರ ಬಂದಳು, ಸುಗಂಧ ಮೊದಲು, ಅವಳು ಆಮೇಲೆ, ಹ್ಯಾಡ್ಲಿದು ಏನಾಯ್ತಕ್ಕಾ, ಮೆಲ್ಲಗೆ ಕೇಳಿದಳು, ಆಗುತ್ತೆ ಬಿಡು, ಇನ್ನೂ ಕಾಗದ ಬಂದಿಲ್ಲ ಎಂದೆ, ಚೀಲವನ್ನು ಕಂಕುಳಿಗೆ ಒತ್ತಿಕೊಂಡೆ, ಅವಳು ನನ್ನನ್ನೇ ನೋಡಿದಳು, ಆ ಕನಿಕರ, ಕೆಂಪು ಕೋಟಿಗಿಂತ ಕೆಟ್ಟದ್ದು. ಕೇಕ್ ಕತ್ತರಿಸೋ ಚಾಕು ಎಲ್ಲಿ ಎಂದು ಯಾರೋ ಕೂಗಿದರು, ಹುಡುಗೀರೆಲ್ಲಿ ಎಂದು ಇನ್ಯಾರೋ, ಈಗಷ್ಟೇ ಇಲ್ಲೇ ಇದ್ದರಲ್ಲ — ಕಿಟಕಿ.

ಕಿಟಕಿಯಾಚೆ ಬಿಸಿಲು, ಜಲ್ಲಿ ಹಾಸಿದ ಅಂಗಳ, ನಮ್ಮ ಕಾರು, ಅದರ ಹಿಂದೆ ಮಂಡಿಯೂರಿದವರ ಎರಡು ತಲೆ, ಕೌದಿಗಳು ಮಡಿಚಿ ಕಾರಿನ ನೆತ್ತಿಯ ಮೇಲೆ, ಹ್ಯಾಡ್ಲಿಯ ಕೈಯಲ್ಲಿ ಕೇಕಿನ ಚಾಕು, ಅದರ ತುದಿ ಪ್ಲೇಟಿನ ಮೂಲೆಯಲ್ಲಿ, ಶೆಲ್ಬಿ ಬೊಗಸೆಯೊಡ್ಡಿದ್ದಾಳೆ, ಕಳಚಿದ್ದನ್ನು ಹಿಡಿಯಲು. ಬೆನ್ನ ಹಿಂದೆ ಟೋನ್ಯಾ, ಹ್ಯಾಡ್ಲಿ ನಿನಗೆ ಹೇಳಿಲ್ವಾ ಅಕ್ಕಾ, ಕಾಲೇಜಿನೋರು ಅವಳ ಫೋನಿಗೇ ಕಳಿಸಿದ್ರಂತೆ ನಿನ್ನೆ ಬೆಳಿಗ್ಗೆ, ಆಗಲ್ಲ ಅಂತ, ನಮ್ಮನೇಗೆ ಬಂದು ಶೆಲ್ಬಿ ಮಂಚದ ಮೇಲೆ ಬಿದ್ದು ಅತ್ಲು, ಆಮೇಲೆ ಎದ್ದು ಮುಖ ತೊಳ್ಕೊಂಡು, ಒಂದು ವರ್ಷ ಕಾಲೇಜಿಗೆ ಹೋಗದೆ ನಿಲ್ತೀನಿ ಚಿಕ್ಕಮ್ಮಾ, ಅಪ್ಪ ಅಮ್ಮನ್ನ ಸರಿಯಾಗಿ ವರ್ಜೀನಿಯಾದೋರನ್ನ ಮಾಡ್ತೀನಿ, ಆಮೇಲೆ ಸಹಾಯಧನ ಮತ್ತೆ ಕೇಳ್ತೀನಿ ಅಂದ್ಲು. ನಿನ್ನೆ ಬೆಳಿಗ್ಗೆ. ನಾನು ಅಂಚೆಪೆಟ್ಟಿಗೆ ತೆರೆಯುವ ಮುಂಚೆ, ರಾತ್ರಿಯೂಟದಲ್ಲಿ ಅವಳು ಉಪ್ಪು ಕೇಳುವ ಮುಂಚೆ, ನಾನು ಕಾಗದವನ್ನು ಚೀಲದಲ್ಲಿ ಬಚ್ಚಿಡುವ ಮುಂಚೆ, ನನ್ನ ಮಗಳ ಅಳುವೂ ಆ ಮನೆಗೆ ಹೋಯಿತು, ಅದನ್ನೂ ಟೋನ್ಯಾ ಕೇಳಲಿಲ್ಲ, ಸುಮ್ಮನೆ ನಿಂತಿದ್ದಳು, ಬಂತು — ಶೆಲ್ಬಿಯ ಬೊಗಸೆಯಲ್ಲಿ ತುಕ್ಕಿನವು ಬಿದ್ದವು, ಒಂದು, ಎರಡು, ಮೂರು, ಪ್ಲೇಟು ಒಂದು ಮೂಲೆಯಲ್ಲಿ ನಿಂತು ತಲೆ ಬಗ್ಗಿಸಿತು, ಹ್ಯಾಡ್ಲಿ ಚಾಕುವನ್ನು ಮತ್ತೆ ಊರಿದಳು, ತಿರುಗಿಸಿದಳು, ಜಾರಿತು, ಮತ್ತೆ ಊರಿದಳು, ನಾನು ಕೊಟ್ಟದ್ದು, ನನ್ನ ಕಪಾಟಿನದು, ಅದೊಂದೇ ಬರುತ್ತಿಲ್ಲ, ಬಿಸಿಲಿಗೆ ಹೊಳೆಯುತ್ತಿದೆ, ಹೊಳೆಯುತ್ತಿದೆ