ಯಂತ್ರಕ್ಕೋ ಆಳಿಗೋ

ಕನ್ನಡಕದ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸರ್ವರಮ್ಮ ಎಂದೇ. ಗಾಜು ಉಜ್ಜುವ ಕೋಣೆಯ ಪಕ್ಕದಲ್ಲಿ ಅವಳದೊಂದು ಸಣ್ಣ ಕೋಣೆ. ಅಲ್ಲಿ ಒಂದು ದೊಡ್ಡ ಕಂಪ್ಯೂಟರು ಬಿಡುವಿಲ್ಲದೆ ಗುಂಯ್‌ಗುಡುತ್ತಿತ್ತು. ಮುಖ್ಯ ಅಂಗಡಿಯ, ಶಾಖೆಗಳ ಕೌಂಟರುಗಳಲ್ಲಿದ್ದ ಪರದೆಗಳೆಲ್ಲ ಬರೀ ಕಿಟಕಿಗಳು. ಗಿರಾಕಿಯ ಕಣ್ಣಿನ ನಂಬರು, ಫ್ರೇಮಿನ ಅಳತೆ, ಗಾಜಿನ ಆರ್ಡರು, ಎಲ್ಲ ನಡೆಯುತ್ತಿದ್ದುದು ಈ ಸರ್ವರಿನ ಹೊಟ್ಟೆಯೊಳಗೆ. ಅದನ್ನು ಕೂರಿಸಿದವಳು ಅವಳು, ತಂತಿ ಎಳೆದವಳು ಅವಳು. ಅದರ ಮೇಲೆ ಯಾರಾದರೂ ಕಾಫಿ ಲೋಟ ಇಟ್ಟರೆ ಲೋಟದ ಜೊತೆ ಅವರನ್ನೂ ಹೊರಗೆ ಕಳಿಸುತ್ತಿದ್ದಳು.

ಅಂಗಡಿಯ ಯಜಮಾನರು ಅವಳ ದೊಡ್ಡಪ್ಪ. ಒಳ್ಳೆಯ ಮನುಷ್ಯ, ಆದರೆ ಕಿವಿ ಮಾತ್ರ ತಮಗೆ ಬೇಕಾದಾಗ ಕೇಳಿಸುವಂಥದ್ದು.

ಆ ದಿನ ಬೆಳಿಗ್ಗೆ ಕೌಂಟರಿನ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು, ಮಾತಿನಲ್ಲಿ ಎಲ್ಲರಿಗಿಂತ ಚುರುಕು.

"ಸರ್ವರಮ್ಮ, ನಿನ್ನ ಸರ್ವರು ನಮ್ಮನ್ನ ಒಳಗೆ ಬಿಡ್ತಿಲ್ಲ. ಲೈಸೆನ್ಸ್ ಎಲ್ಲಿ ಅಂತ ಕೇಳ್ತಿದೆ. ನಾವೇನು ಲಾರಿ ಓಡಿಸ್ತೀವಾ?"

ಸರ್ವರಮ್ಮನಿಗೆ ತಕ್ಷಣ ಗೊತ್ತಾಯಿತು. ದೂರದಿಂದ ಸರ್ವರಿನೊಳಗೆ ಬಂದು ಕೆಲಸ ಮಾಡುವವರಿಗೆ ಬೇರೆ ಲೈಸೆನ್ಸ್ ಬೇಕು. ಅದನ್ನು ಕೊಳ್ಳುವವರೆಗೆ ನಡೆಸಲು ಕೆಲವು ತಿಂಗಳ ರಿಯಾಯಿತಿ ಇರುತ್ತದೆ. ಅದು ಮುಗಿದಿತ್ತು. ಹೀಗಾಗುತ್ತದೆಂದು ದೊಡ್ಡಪ್ಪನಿಗೆ ಒಂದು ಸಲ ಹೇಳಿದ್ದಳು. "ನಡೀತಾ ಇದೆಯಲ್ಲ, ಬಿಡು" ಎಂದಿದ್ದರು. ಎರಡನೇ ಸಲ ಹೇಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಫೋನು ಹಿಡಿದುಕೊಂಡೇ ಬಂದರು. "ಏನಾಗಿದೆ ಇದಕ್ಕೆ? ನನಗೆ ಚೆನ್ನಾಗಿ ಬರ್ತಿದೆ. ಕೆಲಸ ಮಾಡೋಕೆ ಇವರಿಗೆ ಮೈಭಾರ, ಅಷ್ಟೇ."

"ನೀವು ಬರ್ತಿರೋದು ರಿಪೇರಿಗೆ ಅಂತ ಬಿಟ್ಟಿರೋ ಬಾಗಿಲಲ್ಲಿ ದೊಡ್ಡಪ್ಪ. ಯಜಮಾನರು ಅಂತ ಅದರ ಪಾಸ್‌ವರ್ಡ್ ನಿಮಗೂ ಕೊಟ್ಟಿದ್ದೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ."

"ಮತ್ತೆ ಎಲ್ಲರೂ ಅಲ್ಲೇ ಬರಲಿ."

"ಅದರಲ್ಲಿ ಇಬ್ಬರಿಗೇ ಜಾಗ. ಮತ್ತೆ ಅದಿರೋದು ದಿನದ ಕೆಲಸಕ್ಕಲ್ಲ."

ದೊಡ್ಡಪ್ಪನ ಕಿವಿ ಆಗಲೇ ಮುಚ್ಚಿತ್ತು. "ನೋಡು, ಮಧ್ಯಾಹ್ನದೊಳಗೆ ಅಂಗಡಿ ನಡೀಬೇಕು. ಇಲ್ಲದಿದ್ದರೆ ಈ ಕೋಣೆ ಹೊರಗಿನವರ ಕೈಗೆ ಕೊಡ್ತೀನಿ. ನೀನು ಮುಂದೆ ಬಂದು ಫ್ರೇಮು ಒರೆಸು" ಎಂದವರೇ ಪಾಸ್‌ವರ್ಡನ್ನು ಎಲ್ಲ ಶಾಖೆಗಳಿಗೂ ಹಂಚಿಬಿಟ್ಟರು.

ಫ್ರೇಮು ಒರೆಸುವ ಮಾತು ಅವಳ ಎದೆಗೆ ಚುಚ್ಚಿತು. ಆಗಲಿ, ನೋಡಲಿ ಎಂದು ಕೈಕಟ್ಟಿ ನಿಂತಳು.

ಆಮೇಲೆ ಶುರುವಾಯಿತು ನೂಕಾಟ. ಮೂರನೆಯವರು ಒಳಗೆ ಬರಬೇಕೆಂದರೆ ಒಳಗಿರುವ ಒಬ್ಬರನ್ನು ಹೊರಗೆ ಹಾಕಬೇಕು. ಕೌಂಟರಿನ ಅಕ್ಕ ನಂಬರು ಅರ್ಧ ಬರೆಯುವಾಗ ಶಾಖೆಯವರು ಅವಳನ್ನು ದಬ್ಬಿದರು. ಅವಳು ಬಿಡುತ್ತಾಳೆಯೇ, ತಿರುಗಿ ದಬ್ಬಿದಳು. ಈ ಸಲ ಹೊರಗೆ ಬಿದ್ದದ್ದು ದೊಡ್ಡಪ್ಪ. ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಒಂದು ಕಣ್ಣು ಮುಚ್ಚಿಕೊಂಡೇ ಕೇಳಿದ: "ಇನ್ನೊಂದು ಕಣ್ಣು ತೆಗೀಲಾ, ಇಲ್ಲ ಸಂಜೆವರೆಗೂ ಹೀಗೇ ಇರಲಾ?"

ಕೊನೆಗೆ ಶಾಖೆಯಲ್ಲಿ ಯಾರೋ ಕೆಲಸ ಮುಗಿಯಿತೆಂದು ಹೊರಗೆ ಬರಲು ಹೋಗಿ, ಆ ಗುಂಡಿಯ ಪಕ್ಕದಲ್ಲಿದ್ದ, ಸರ್ವರನ್ನೇ ಬಂದ್ ಮಾಡುವ ಗುಂಡಿ ಒತ್ತಿದರು. ಯಜಮಾನರ ಪಾಸ್‌ವರ್ಡಲ್ಲವೇ, ಸರ್ವರು ಮರುಮಾತಿಲ್ಲದೆ ಮಲಗಿತು. ಗುಂಯ್‌ಗುಟ್ಟುವ ಸದ್ದು ನಿಂತಿತು. ಅಂಗಡಿಯಲ್ಲಿ ಅಂಥ ಮೌನವನ್ನು ಯಾರೂ ಕೇಳಿರಲಿಲ್ಲ.

ಸರ್ವರಮ್ಮ ಅದನ್ನು ಮತ್ತೆ ಎಬ್ಬಿಸಿದಳು. ಎಬ್ಬಿಸಿದವಳೇ ಆ ಪಾಸ್‌ವರ್ಡ್ ಬದಲಾಯಿಸಿದಳು. ನೇರವಾಗಿ ದೊಡ್ಡಪ್ಪನ ಮೇಜಿನ ಮುಂದೆ ಹೋಗಿ, ಕುರ್ಚಿ ಎಳೆದು ಕೂತಳು.

"ಪಾಸ್‌ವರ್ಡ್ ಬದಲಾಯಿಸಿದೀನಿ. ನಿಮಗೂ ಕೊಡಲ್ಲ. ಈಗ ಬೈಯೋದಿದ್ದರೆ ಬೈದುಬಿಡಿ."

ದೊಡ್ಡಪ್ಪ ಕನ್ನಡಕ ತೆಗೆದರು. "ಇದನ್ನೆಲ್ಲ ನನಗೆ ಸರಿಯಾಗಿ ಹೇಳಬೇಕಿತ್ತು ನೀನು."

"ಹೇಳಿದ್ದೆ. ನೀವು ಕೇಳಲಿಲ್ಲ ಅಂತ ಸಿಟ್ಟು ಬಂತು, ಬಿಟ್ಟೆ. ಬಿಟ್ಟಿದ್ದು ನನ್ನ ತಪ್ಪು. ಈಗ ಕೇಳಿ. ಲೈಸೆನ್ಸು ಎರಡು ಥರ. ಆಳಿಗೊಂದು, ಇಲ್ಲಾ ಯಂತ್ರಕ್ಕೊಂದು. ಆಳಿಗೆ ತಗೊಂಡರೆ ಆ ಮನುಷ್ಯ ಎಷ್ಟು ಯಂತ್ರದಿಂದ ಬೇಕಾದರೂ ಬರಬಹುದು. ಯಂತ್ರಕ್ಕೆ ತಗೊಂಡರೆ ಅದರ ಮುಂದೆ ಯಾರು ಬೇಕಾದರೂ ಕೂರಬಹುದು."

"ಲೈಸೆನ್ಸ್ ಮಾರೋನು ಆಳಿಗೆ ತಗೊಳ್ಳಿ ಅಂದಿದ್ದ."

"ಅವನು ನಮ್ಮ ಅಂಗಡಿ ನೋಡಿದ್ದಾನಾ? ಬೆಳಗಿನವರು ಎದ್ದ ಕುರ್ಚಿಗೆ ಸಂಜೆಯವರು ಬಂದು ಕೂರ್ತಾರೆ. ಇಲ್ಲಿ ಜನ ಜಾಸ್ತಿ, ಯಂತ್ರ ಕಮ್ಮಿ. ನಮಗೆ ಯಂತ್ರಕ್ಕೇ ಬೇಕು."

ದೊಡ್ಡಪ್ಪ ಯೋಚಿಸಿದರು. "ಹಾಗಾದರೆ ನನ್ನ ಫೋನು?"

"ಅದೂ ಒಂದು ಯಂತ್ರ."

"ಮನೇಲಿರೋ ಕಂಪ್ಯೂಟರು?"

"ಅದೂ ಒಂದು. ನಿಮ್ಮ ಕೈಚೀಲದಲ್ಲಿರೋ ಟ್ಯಾಬೂ ಒಂದು. ನೀವೊಬ್ಬರೇ ಮೂರು ನುಂಗ್ತೀರ."

"ಊಟದಲ್ಲೂ ಹಾಗೇ ಅಲ್ವಾ ಯಜಮಾನ್ರೇ" ಎಂದಳು ಕೌಂಟರಿನ ಅಕ್ಕ, ತನ್ನ ಜಾಗದಿಂದಲೇ, ತಲೆ ಎತ್ತದೆ.

"ಅವೆಲ್ಲ ಬಿಡಿ ದೊಡ್ಡಪ್ಪ. ಏನಾದರೂ ನೋಡಬೇಕಿದ್ದರೆ ಕೌಂಟರಿಗೆ ಬನ್ನಿ, ಎಲ್ಲರ ಹಾಗೆ ಕೂತು ನೋಡಿ. ಹಿಂದಿನ ಬಾಗಿಲು ನನಗೊಬ್ಬಳಿಗೇ ಇರಲಿ. ಇದಾಗಲ್ಲ ಅಂದರೆ ಈಗಲೇ ಬಟ್ಟೆ ಕೊಡಿ, ಫ್ರೇಮು ಒರೆಸ್ತೀನಿ. ಆದರೆ ಆ ಸರ್ವರಿನ ಬಗ್ಗೆ ಆಮೇಲೆ ನನ್ನನ್ನ ಒಂದು ಮಾತೂ ಕೇಳಬೇಡಿ."

ದೊಡ್ಡಪ್ಪ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಲೈಸೆನ್ಸ್ ಮಾರುವವನಿಗೆ ಫೋನು ಹಚ್ಚಿದರು. ಆ ಕಡೆಯವನು ಆಳಿಗೇ ತಗೊಳ್ಳಿ ಎಂದು ಒಂದೇ ಸಮನೆ ಹೇಳುತ್ತಿರುವುದು ಮೇಜಿನಾಚೆಗೂ ಕೇಳಿಸುತ್ತಿತ್ತು.

"ಸ್ವಲ್ಪ ಇರಿ" ಎಂದರು ದೊಡ್ಡಪ್ಪ. "ಸರ್ವರಿನ ಯಜಮಾನಿ ಇಲ್ಲೇ ಇದ್ದಾಳೆ. ಅವಳು ಯಾವುದು ಅಂತಾಳೋ ಅದೇ. ನನ್ನನ್ನ ಕೇಳಿ ಏನೂ ಪ್ರಯೋಜನವಿಲ್ಲ, ನನ್ನ ಹತ್ತಿರ ಪಾಸ್‌ವರ್ಡೂ ಇಲ್ಲ."

ಅವಳು ಎದ್ದು ನಿಂತು ಫೋನು ತೆಗೆದುಕೊಂಡಳು. ಕೂತು ಮಾತಾಡುವ ಮಾತಲ್ಲ ಅದು. ಯಂತ್ರಕ್ಕೇ ಬೇಕು ಎಂದಳು. ಏಕೆಂದು ವಿವರಿಸಿದಳು. ಅವನು ಮತ್ತೆ ರಾಗ ಎಳೆದಾಗ, "ನಮ್ಮಲ್ಲಿ ಕುರ್ಚಿಯ ಬಿಸಿ ಆರಲು ಬಿಡಲ್ಲ ಸ್ವಾಮಿ" ಎಂದು ಮಾತು ಮುಗಿಸಿದಳು.

ಮಧ್ಯಾಹ್ನ ಲೈಸೆನ್ಸು ಬಂತು. ಅದನ್ನು ಸರ್ವರಿಗೆ ಹಾಕಿದಳು. ಒಂದೊಂದೇ ಕೌಂಟರು ತೆರೆದುಕೊಂಡಿತು. ಯಾರೂ ಯಾರನ್ನೂ ದಬ್ಬಲಿಲ್ಲ. ದೊಡ್ಡಪ್ಪ ಆ ದಿನದ ಆರ್ಡರು ನೋಡಲು ಕೌಂಟರಿಗೆ ಬಂದರು. ಅಕ್ಕ ಕೂತಿದ್ದಳು. "ನೀನು ಮುಗಿಸಮ್ಮ" ಎಂದು ಹಿಂದೆ ನಿಂತರು. ನಿಂತವರು ಸುಮ್ಮನಿರುವ ಜಾತಿಯಲ್ಲ. ಪಕ್ಕದ ಗಿರಾಕಿಗೆ ಹೇಳತೊಡಗಿದರು: "ಇದನ್ನೆಲ್ಲ ಕೂರಿಸಿ ನಡೆಸ್ತಿರೋದು ನಮ್ಮನೆ ಹುಡುಗಿ. ನನ್ನ ತಮ್ಮನ ಮಗಳು."

ಒಳಗಿನ ಕೋಣೆಯಿಂದ ಸರ್ವರಮ್ಮನ ದನಿ ಬಂತು.

"ಇನ್ನೂ ಸ್ವಲ್ಪ ಜೋರಾಗಿ ಹೇಳಿ ದೊಡ್ಡಪ್ಪ. ಗಾಜು ಉಜ್ಜೋರಿಗೆ ಕೇಳಿಸ್ತಿಲ್ಲ."