ಚಕ್ಲಿಯ ಮೂರನೇ ಆಪರೇಷನ್

ಒಂದೂವರೆ ವರ್ಷದ ನಾಯಿ, ಒಂದೇ ಮಂಡಿಗೆ ಮೂರನೇ ಆಪರೇಷನ್. ಜೆ.ಪಿ. ನಗರದ ಡಾಕ್ಟರ್ ಕೈಲಾಸ್ ಈ ಸಲ ನಗಲಿಲ್ಲ. "ಎಂಟು ವಾರ ಓಡೋ ಹಾಗಿಲ್ಲ, ಜಿಗಿಯೋ ಹಾಗಿಲ್ಲ. ಇನ್ನೊಂದ್ಸಲ ಮಂಡಿಚಿಪ್ಪು ಜಾರಿದ್ರೆ ನನ್ ಕೈಲೂ ಆಗಲ್ಲ ಮೇಡಂ," ಎಂದರು.

ಬಾಲದ ಸುರುಳಿ ನೋಡಿ ಚಕ್ಲಿ ಎಂದು ಹೆಸರಿಟ್ಟಿದ್ದ ಆ ಬೀದಿ ನಾಯಿಯನ್ನು ತೇಜಸ್ವಿನಿ ವಸಂತಪುರದ ತನ್ನ ಎರಡನೇ ಮಹಡಿಯ ಮನೆಗೆ ಎತ್ತಿಕೊಂಡು ಬಂದಳು. ನಡುಮನೆಯ ಮೂಲೆಯಲ್ಲಿ ಕಬ್ಬಿಣದ ಜಾಲರಿಯ ಗೂಡು. ಒಳಗೆ ಚಕ್ಲಿ, ಹೊರಗೆ ಚಾಪೆಯ ಮೇಲೆ ಅವಳು. ಶಾಲೆಯಲ್ಲಿ ಮಕ್ಕಳನ್ನು ಮೈದಾನ ಸುತ್ತಿಸುವ ಪಿ.ಟಿ. ಟೀಚರ್ ರಜೆ ಹಾಕಿ ಕೂತುಬಿಟ್ಟಳು. ದಿನಕ್ಕೆ ನಾಲ್ಕು ಸಲ ಎತ್ತಿಕೊಂಡು ಮೆಟ್ಟಿಲಿಳಿಯುವುದು, ಹೊಟ್ಟೆಯಡಿ ಟವೆಲ್ ಕೊಟ್ಟು ನಿಲ್ಲಿಸಿ ಉಚ್ಚೆ ಮಾಡಿಸುವುದು, ಕಾಲನ್ನು ಮೆಲ್ಲಗೆ ಮಡಚಿ ಬಿಡಿಸುವುದು. ಉಳಿದ ಹೊತ್ತೆಲ್ಲ ಚಕ್ಲಿ ಜಾಲರಿಗೆ ಮೂತಿ ಒತ್ತಿ ಕುಂಯ್ಗುಟ್ಟುತ್ತಿತ್ತು. ಅವಳು ಸ್ನಾನಕ್ಕೆ ಹೋದರೂ ನೀರು ನಿಲ್ಲಿಸಿ ಕಿವಿಗೊಡುತ್ತಿದ್ದಳು.

"ನಾನು ನೋಡ್ಕೋತೀನಿ ಕಣೇ, ಒಂದ್ ರೌಂಡ್ ಹೋಗಿ ಬಾ," ಎಂದ ಗಂಡ ಸುಭಾಷ್.

"ಬೇಡ. ನಿಂಗೆ ಗೊತ್ತಾಗಲ್ಲ."

ನಿಜವಾದ ಕಾರಣ ಬೇರೆಯಿತ್ತು. ಎರಡನೇ ಆಪರೇಷನ್ ಆದ ಹತ್ತನೇ ದಿನ ಅದರ ಅಳು ತಾಳಲಾರದೆ ಅವಳೇ ಐದು ನಿಮಿಷ ಗೂಡು ತೆರೆದಿದ್ದಳು. ಕಾಲಿಂಗ್ ಬೆಲ್ ಆಗಿ, ಚಕ್ಲಿ ದಿವಾನ್ ಮೇಲೆ ಹಾರಿ, ಅಲ್ಲಿಂದ ಕೆಳಕ್ಕೆ ಧುಮುಕಿತ್ತು. ಆ ಕಿರುಚಾಟ ಅವಳ ಕಿವಿಯಿಂದ ಹೋಗಿರಲಿಲ್ಲ. ಸುಭಾಷ್‌ಗೆ ಮಾತ್ರ, "ಒಳಗಿನ ಪಿನ್ ತಾನಾಗೇ ಸಡಿಲ ಆಗಿದೆ ಅಂತೆ," ಎಂದುಬಿಟ್ಟಿದ್ದಳು. ಅಂದಿನಿಂದ ಆ ಗೂಡಿನ ಚಿಲಕವನ್ನು ಬೇರೆ ಯಾರ ಕೈಗೂ ಕೊಡಲಾಗಲಿಲ್ಲ, ಏಕೆಂದು ಹೇಳಲೂ ಆಗಲಿಲ್ಲ.

ಆರನೇ ವಾರದ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ಚಕ್ಲಿ ಬಂದು ಅವಳ ಕಾಲು ನೆಕ್ಕಿತು. ಅವಳನ್ನು ಕೇಳದೆ ಗೂಡಿನೊಳಗೆ ನೀರಿಟ್ಟ ಸುಭಾಷ್ ಚಿಲಕ ಹಾಕುವುದನ್ನು ಮರೆತಿದ್ದ.

"ನಿಂಗೆ ಒಂದು ಚಿಲಕ ಹಾಕಕ್ಕೂ ಬರಲ್ವಾ? ಇನ್ನೊಂದು ಆಪರೇಷನ್ ಆದ್ರೆ ಅದು ನಿನ್ನಿಂದಾನೇ!" ಎಂದು ಅವಳು ಕೂಗಾಡಿದಳು. ಸುಭಾಷ್ ಆಟೋ ಕರೆಸಿದ.

ಎಕ್ಸ್‌ರೇ ಮುಗಿಯುವವರೆಗೂ ಅವನು ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರ್ ಹೊರಗೆ ಬಂದೊಡನೆ, "ತಪ್ಪು ನಂದೇ ಸಾರ್. ಅವಳು ತುಂಬ ಹುಷಾರಾಗಿ ನೋಡ್ಕೋತಾಳೆ," ಎಂದ.

ತೇಜಸ್ವಿನಿಗೆ ಅದನ್ನು ಕೇಳಿಕೊಂಡು ಸುಮ್ಮನಿರಲಾಗಲಿಲ್ಲ. "ಹೋದ್ಸಲ ಬಿಟ್ಟಿದ್ದು ನಾನು," ಎಂದಳು. "ನಾನೇ ಗೂಡು ತೆಗ್ದಿದ್ದೆ. ಅದು ದಿವಾನ್ ಮೇಲಿಂದ ಹಾರ್ಬಿಡ್ತು."

ಡಾಕ್ಟರ್ ಇಬ್ಬರ ಮುಖವನ್ನೂ ನೋಡಿದರು. "ಇವತ್ತು ಏನೂ ಆಗಿಲ್ಲ, ಎಲ್ಲ ಗಟ್ಟಿಯಾಗಿದೆ. ಹೋದ್ಸಲದ್ದು, ನೋಡಿ, ಹಾರಿದ್ದಕ್ಕೇ ಜಾರ್ತೋ, ಹಾರದೇ ಇದ್ರೂ ಜಾರ್ತಿತ್ತೋ, ನನಗೆ ಹೇಳಕ್ಕಾಗಲ್ಲ."

ಆಟೋ ಕೋಣನಕುಂಟೆ ದಾಟಿತು. ಸುಭಾಷ್ ಹೊರಗೆ ನೋಡುತ್ತಲೇ, "ಇಷ್ಟು ದಿನ ನನ್ನನ್ನ ಅದರ ಹತ್ರ ಸೇರಿಸ್ಲಿಲ್ವಲ್ಲ, ಇದಕ್ಕೇನಾ?" ಎಂದು ಕೇಳಿದ.

ಅವಳು ಹೂಂ ಎಂದಳು. ಅವನು ಚಕ್ಲಿಯನ್ನು ತನ್ನ ತೊಡೆಗೆ ಎಳೆದುಕೊಂಡ. ಕ್ಷಮಿಸಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಅವಳು ಚಕ್ಲಿಯನ್ನು ಸುಭಾಷ್‌ಗೆ ಒಪ್ಪಿಸಿ ಶಾಲೆಗೆ ಹೋದಳು. ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಫೋನ್ ತೆಗೆದು, ಕರೆ ಮಾಡದೆ ಒಳಗಿಟ್ಟಳು.

ಎಂಟು ವಾರ ತುಂಬಿದ ದಿನ ಸುಭಾಷ್ ಗೂಡಿನ ಬಾಗಿಲನ್ನು ಅಗಲವಾಗಿ ತೆರೆದ. ಚಕ್ಲಿ ಎದ್ದು, ಕೊಂಚ ಕುಂಟುತ್ತ ಗೂಡಿನ ಅಂಚಿನವರೆಗೆ ಬಂದು, ಅಲ್ಲೇ ಮಲಗಿತು. ಕರೆದರೂ ಬರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತರು.

"ಬಾರೇ," ಎಂದಳು ತೇಜಸ್ವಿನಿ.

"ಬಿಡು, ಬರತ್ತೆ," ಎಂದ ಸುಭಾಷ್.