ಕಾಲು ಬರಲ್ಲ ಅಪ್ಪ

ಮೊದಲು ಜಾಗ ತೋರಿಸಬೇಕು, ಆಮೇಲೆ ಮನುಷ್ಯನನ್ನು. ಇದು ಮಲ್ಲಿಕನ ವೇದವಾಕ್ಯ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಮರುಳಪ್ಪನವರ ಮಗ ಅವನು. ಕ್ಯಾಮೆರಾ ಅವನದು, ಕಂಪ್ಯೂಟರು ಅವನದು, ಮಿಲ್ಲಿನ ಮೇಲಿನ ಎಡಿಟಿಂಗ್ ರೂಮೂ ಅವನದೇ. ‘ಎಸ್ಟಾಬ್ಲಿಷಿಂಗ್ ಶಾಟ್ ಇಲ್ದಿದ್ರೆ ನೋಡೋರಿಗೆ ಎಲ್ಲಿದ್ದೀವಿ ಅಂತಾನೇ ಗೊತ್ತಾಗಲ್ಲ,’ ಬಾಯಿ ಬಿಟ್ಟರೆ ಅದೇ ಮಾತು. ಇರಲಿ, ಬಾಯಿ ಅವನದಾದರೂ ಕೈ ಅವನ ಜೊತೆ ಓದುವ ಸ್ವಪ್ನಳದು. ಅವಳು ಕ್ಯಾಮೆರಾ ಹಿಡಿದು ನಡೆದರೆ ತುಂಬಿದ ಕೊಡ ಹೊತ್ತು ನಡೆದ ಹಾಗೆ, ಒಂದು ಹನಿ ತುಳುಕುತ್ತಿರಲಿಲ್ಲ. ಕಾಲೇಜಿನಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆ ಚೆಂದದ ನಡಿಗೆಯೇ ಅವಳ ಮನೆಗೆ ಮುಳುವಾಯಿತು ನೋಡಿ.

ಚಳ್ಳಕೆರೆಯಲ್ಲಿ ಕಿರುಚಿತ್ರ ಸ್ಪರ್ಧೆ ಅಂತ ಗೊತ್ತಾದಾಗ ಇಬ್ಬರೂ ಸೇರಿ ಮಾಡೋಣ ಅಂದುಕೊಂಡರು. ಯಾರ ಮೇಲೆ ಮಾಡೋಣ ಅಂದಾಗ ಸ್ವಪ್ನ ಹಿಂದೆಮುಂದೆ ನೋಡದೆ ಅಪ್ಪನ ಹೆಸರು ಹೇಳಿದಳು.

ಬಿ.ಜಿ. ಕೆರೆಯಿಂದ ಒಳಗೆ ಹೋದರೆ ಅವಳ ಹಟ್ಟಿ. ಅಪ್ಪ ಚಿಕ್ಕೀರಪ್ಪ ಅಲ್ಲಿನ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ದೇವರ ಎತ್ತು ಅಂದರೆ ಹರಕೆಗೆ ಬಿಟ್ಟವು. ಅವುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಮಾರುವಂತಿಲ್ಲ, ಸತ್ತರೆ ಮಣ್ಣು ಮಾಡಿ ಪೂಜೆ ಮಾಡಬೇಕು. ಕಾಯುವವನಿಗೂ ಒಂದು ಕಟ್ಟಿದೆ: ಎತ್ತಿನ ಜೊತೆಗಿದ್ದಾಗ, ಅವುಗಳನ್ನು ಕೂಡುವ ಮುಳ್ಳುಬೇಲಿಯ ರೊಪ್ಪದೊಳಗೆ, ಕಾಲಿಗೆ ಏನೂ ಹಾಕುವಂತಿಲ್ಲ. ನೆಲ ಕಾದ ಹೆಂಚಾಗಲಿ, ಮುಳ್ಳಿರಲಿ, ಬರಿಗಾಲೇ. ಚಿಕ್ಕೀರಪ್ಪನ ಅಪ್ಪನೂ ಕಿಲಾರಿ, ತಾತನೂ ಕಿಲಾರಿ. ಹಟ್ಟಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ‘ಕಿಲಾರಪ್ಪ’ ಅಂತಲೇ ಕರೆಯುವುದು. ಕೈಯಲ್ಲಿ ಕಿಲಾರಿಯ ಕೋಲಿಲ್ಲದಿದ್ದರೆ ತಾನು ಯಾರು ಅಂತ ಅವನಿಗೂ ಗೊತ್ತಿರಲಿಲ್ಲ.

ಶೂಟಿಂಗ್ ಸಂಜೆ ಬಿಸಿಲಿಗೆ. ಅಪ್ಪ ಎತ್ತುಗಳ ಮುಂದೆ ರೊಪ್ಪದ ಕಡೆಯಿಂದ ನಡೆದು ಬರಬೇಕು, ಸ್ವಪ್ನ ಅವನ ಮುಖ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಒಮ್ಮೆ ಎತ್ತು ಅಡ್ಡ ಬಂತು. ಒಮ್ಮೆ ಧೂಳು. ಇನ್ನೊಮ್ಮೆ ಅಪ್ಪನೇ ಕ್ಯಾಮೆರಾ ನೋಡಿ ನಕ್ಕುಬಿಟ್ಟ.

“ಇನ್ನೊಂದ್ಸಲ ನಡಿ ಅಪ್ಪ.”

“ಆತು ಮಗಾ.”

ಬೇಡ ಅನ್ನುವ ಜಾಯಮಾನವೇ ಅಲ್ಲ ಅವನದು. ಎಷ್ಟು ಸಲ ಹೇಳಿದರೂ ಎತ್ತು ತಿರುಗಿಸಿಕೊಂಡು ಹೋಗಿ ಮತ್ತೆ ನಡೆದು ಬರುತ್ತಿದ್ದ. ಕೊನೆಗೆ ಜಾಲಿ ಮುಳ್ಳೊಂದು ಅಂಗಾಲಿಗೆ ನೆಟ್ಟು ಮುರಿದೇ ಹೋಯಿತು. ಸ್ವಪ್ನ ಪಿನ್ನಿನಿಂದ ಕೆದಕಿ ತೆಗೆದಳು. ರಕ್ತ ನಿಲ್ಲಲೊಲ್ಲದು. ಕಾಲೂರಿದರೆ ಅಪ್ಪನ ಮುಖ ಕಿವುಚಿಕೊಳ್ಳುತ್ತಿತ್ತು. ಆ ಮುಖ ಶಾಟ್‌ಗೆ ಬೇಡ. ಬೆಳಕು ಬೇರೆ ಇಳಿಯುತ್ತಿತ್ತು.

ಅವಳು ತನ್ನ ಗುಲಾಬಿ ಪಟ್ಟಿಯ ಹವಾಯಿ ಚಪ್ಪಲಿ ಬಿಚ್ಚಿ ಅವನ ಮುಂದಿಟ್ಟಳು.

“ಥೂ, ತೆಗಿ ಅತ್ಲಾಗೆ! ಎತ್ತು ನಿಂತವೆ.”

“ಮುಖ ಅಷ್ಟೇ ಹಿಡಿಯೋದು. ಕಾಲು ಬರಲ್ಲ ಅಪ್ಪ.”

“ದೇವ್ರೇನು ನಿನ್ನ ಕ್ಯಾಮ್ರದಾಗೆ ನೋಡ್ತಾನಾ?”

“ಒಂದೇ ಸಲ ಅಪ್ಪ, ನನಗೋಸ್ಕರ.”

ಮಗಳು ‘ನನಗೋಸ್ಕರ’ ಅಂದಮೇಲೆ ಆ ಮನುಷ್ಯ ಇನ್ನೇನು ಮಾಡಿಯಾನು? ಕಣ್ಣು ಮುಚ್ಚಿ ಎತ್ತುಗಳಿಗೆ ಕೈ ಮುಗಿದ. ಚಪ್ಪಲಿ ಮೆಟ್ಟಿದ. ಅವನ ಹಿಮ್ಮಡಿ ಅರ್ಧ ಹೊರಗೇ ಇತ್ತು.

ಆ ಸಲ ಎಲ್ಲ ಸರಿ ಬಂತು. ಅಪ್ಪನ ಮುಖ, ಹಿಂದೆ ಎತ್ತಿನ ಕೊಂಬು, ಕೊಂಬಿನ ನಡುವೆ ಬಿಸಿಲು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೈಗೆ ಹತ್ತಿದ ಹುಚ್ಚು ಬಿಡಬೇಕಲ್ಲ! ಸ್ವಪ್ನ ಇನ್ನೂ ಹಿಂದೆ ಹೋದಳು. ಮುಖ ಚಿಕ್ಕದಾಯಿತು, ಮೈ ಬಂತು, ಎತ್ತಿನ ಹಿಂಡು ಬಂತು, ಮುಳ್ಳಿನ ರೊಪ್ಪ, ಅದರಾಚೆ ಬೋಳು ಗುಡ್ಡ, ಎಲ್ಲವೂ ಬಿಚ್ಚಿಕೊಂಡು ಬಂದವು. ಚಪ್ಪಲಿ ಇರುವುದು ಅವಳ ತಲೆಯಿಂದಲೇ ಹಾರಿಹೋಗಿತ್ತು. ಇದೇ ಹಟ್ಟಿಯಲ್ಲಿ ಹುಟ್ಟಿ ಬೆಳೆದವಳು!

ಎಡಿಟಿಂಗ್ ರೂಮಿನ ದೊಡ್ಡ ಪರದೆಯಲ್ಲಿ ನೋಡಿದಾಗ ಅವಳಿಗೆ ಚಪ್ಪಲಿ ನೆನಪಾಯಿತು. ಗುಲಾಬಿ ಪಟ್ಟಿ ಢಾಳಾಗಿ ಕಾಣುತ್ತಿತ್ತು.

“ಮಲ್ಲಿಕ್, ಮುಖಕ್ಕೇ ಕಟ್ ಮಾಡು. ಮುಂದಿಂದು ಬೇಡ.”

“ತಲೆ ಕೆಟ್ಟೈತಾ? ಇದೇ ನಮ್ಮ ಎಸ್ಟಾಬ್ಲಿಷಿಂಗ್ ಶಾಟ್. ಇದನ್ನ ತೆಗೆದ್ರೆ ಉಳಿಯೋದೇನು?”

ಅವಳು ಕಾರಣ ಬಿಡಿಸಿ ಹೇಳಿದಳು. ಕಟ್ಟು ಮುರಿದರೆ ಅಪ್ಪನ ಕೋಲು ಹೋಗುತ್ತದೆ ಅಂದಳು, ಕೈ ಮುಗಿದಳು. ಮಲ್ಲಿಕ್ ತಲೆ ಕೆರೆದುಕೊಂಡು, “ಆತು ಬಿಡು, ಕೆಳಗಡೆ ಸ್ವಲ್ಪ ಕ್ರಾಪ್ ಮಾಡ್ತೀನಿ,” ಅಂದ. ಅವಳು ನಂಬಿ ಬಸ್ಸು ಹತ್ತಿದಳು. ನಂಬಿದವಳದ್ದೇ ತಪ್ಪು ಅಂತ ಆಮೇಲೆ ಎಲ್ಲರೂ ಹೇಳುತ್ತಾರೆ, ಹೇಳಲಿ.

ಪ್ರದರ್ಶನದ ದಿನ ಮಧ್ಯಾಹ್ನ ಹಾಲ್ ತುಂಬಿತ್ತು. ಮೊದಲ ಶಾಟ್‌ನಲ್ಲೇ ಗುಡ್ಡ, ರೊಪ್ಪ, ಎತ್ತು, ಅಪ್ಪ. ಕೆಳಗೆ ಅದೇ ಗುಲಾಬಿ ಪಟ್ಟಿ. ಮಲ್ಲಿಕ್ ಒಂದು ಕೂದಲೆಳೆಯಷ್ಟೂ ಕತ್ತರಿಸಿರಲಿಲ್ಲ. ಪಕ್ಕದಲ್ಲೇ ಕೂತಿದ್ದವನು, “ಕ್ರಾಪ್ ಮಾಡಿದ್ರೆ ರೊಪ್ಪಾನೇ ಹೋಗ್ತಿತ್ತು. ಕಾಲು ಯಾರು ನೋಡ್ತಾರೆ ಬಿಡೇ,” ಅಂತ ಪಿಸುಗುಟ್ಟಿದ. ನಿಜ, ಅಲ್ಲಿ ಯಾರೂ ಕಾಲು ನೋಡಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಅಯ್ಯೋ, ಆ ಚಪ್ಪಾಳೆಗೆ ಸ್ವಪ್ನಳಿಗೂ ಮೈ ಜುಮ್ಮೆಂದಿತು. ಗಳಿಗೆ ಮಟ್ಟಿಗೆ ಅಪ್ಪನನ್ನು ಮರೆತೇಬಿಟ್ಟಳು.

ಮೊದಲ ಬಹುಮಾನದ ಸಂಭ್ರಮಕ್ಕೆ ಮಲ್ಲಿಕ್ ಸಿನಿಮಾವನ್ನು ಫೋನಿಂದ ಫೋನಿಗೆ ಹಂಚಿದ್ದ. ಅವಳ ಬಸ್ಸಿಗಿಂತ ಮೊದಲೇ ಅದು ಹಟ್ಟಿ ತಲುಪಿತ್ತು. ಅಲ್ಲಿ ಎಲ್ಲರೂ ನೋಡಿದ್ದು ಕಾಲನ್ನೇ.

ಮಾರನೆ ದಿನ ಬೆಳಗ್ಗೆ ಹಿರಿಯರು ರೊಪ್ಪದ ಮುಂದೆ ಕೂತರು. ಕೂಗಾಟವಿಲ್ಲ, ಬೈಗುಳವಿಲ್ಲ. ಕೂಗಾಡಿದ್ದರೆ ಎಷ್ಟೋ ಮೇಲಾಗಿತ್ತು. ಎಲ್ಲರಿಗಿಂತ ಹಿರಿಯ ಯರ್ರಪ್ಪ ಕೇಳಿದ, “ಯಾಕೆ ಹಿಂಗ್ ಮಾಡ್ದೆ ಕಿಲಾರಪ್ಪ?”

“ನಂದೇ ತಪ್ಪು. ಮುಳ್ಳು ಚುಚ್ಚಿತ್ತು, ತಡೀಲಿಲ್ಲ.” ಮಗಳ ಹೆಸರೇ ಎತ್ತಲಿಲ್ಲ.

ಸ್ವಪ್ನ ನುಗ್ಗಿ ಬಂದಳು. “ಸುಳ್ಳು ತಾತ! ಅಪ್ಪ ಒಲ್ಲೆ ಅಂತು. ನಾನೇ ಹಟ ಮಾಡಿ ಹಾಕ್ಸಿದ್ದು. ಚಪ್ಪಲಿ ನಂದು, ನಾನೂ ಅಲ್ಲೇ ಇದ್ದೆ. ದಂಡ ನನಗೆ ಹಾಕ್ರಿ.”

“ಅಪ್ಪನ್ನ ಉಳ್ಸಕ್ಕೆ ಹೇಳ್ತಾಳೆ, ಕೇಳಬ್ಯಾಡ್ರಿ,” ಅಂದ ಚಿಕ್ಕೀರಪ್ಪ.

ಯರ್ರಪ್ಪ ಮೊಮ್ಮಗನ ಫೋನು ಇಸಿದುಕೊಂಡು ಅವಳ ಮುಂದೆ ಹಿಡಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. “ಚಪ್ಪಲಿ ನಿಂದೇ ಇರ್ಬೋದು ಮಗಾ. ಇದ್ರಾಗೆ ನೀನೆಲ್ಲಿದ್ದೀಯ, ತೋರ್ಸು.”

ಅವಳು ನೋಡಿದಳು. ಗುಡ್ಡವಿತ್ತು, ರೊಪ್ಪವಿತ್ತು, ಎತ್ತುಗಳಿದ್ದವು, ಅಪ್ಪ ಇದ್ದ. ಅವಳು ಎಲ್ಲೂ ಇರಲಿಲ್ಲ.

ಚಿಕ್ಕೀರಪ್ಪ ಎದ್ದು ಕೋಲನ್ನು ಯರ್ರಪ್ಪನ ಕಾಲ ಬಳಿ ಇಟ್ಟ. ಬೇರೆಯವನೊಬ್ಬ ಅದನ್ನೆತ್ತಿಕೊಂಡು ಎತ್ತು ಹೊಡೆದುಕೊಂಡು ಹೋದ. ಸ್ವಪ್ನ ಮನೆಗೆ ಬಂದಾಗ ಅವ್ವ ಕರಿಯಕ್ಕ ಒಂದೇ ಮಾತು ಅಂದಳು, “ಊರೆಲ್ಲಾ ಕಂಡ ಕಾಲು ನಿನ್ನ ಕಣ್ಣಿಗೆ ಕಾಣ್ಲಿಲ್ಲೇನೇ?”

ಆಗಲೇ ಫೋನು ಬಡಿದುಕೊಂಡಿತು. ಮಲ್ಲಿಕ್. ಖುಷಿಯ ದನಿ ಹೊರಗೂ ಕೇಳುತ್ತಿತ್ತು. “ಸ್ವಪ್ನಾ, ರಾಜ್ಯಮಟ್ಟಕ್ಕೆ ಕಳಿಸ್ತಾರಂತೆ! ಇನ್ನೂ ಒಂದು ಶಾಟ್ ಬೇಕು, ನಿಮ್ಮಪ್ಪ ಎತ್ತಿನ ಜೊತೆ ನಡೆಯೋದು. ಸಂಜೆ ರೆಡಿ ಇರಕ್ಕೆ ಹೇಳು.”

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಚಿಕ್ಕೀರಪ್ಪ ತಿರುಗಿ ನೋಡಿದ. ಮುಳ್ಳು ನೆಟ್ಟ ಕಾಲು ಇನ್ನೂ ಊದಿಕೊಂಡಿತ್ತು. ಅಭ್ಯಾಸಬಲ, ಕೋಲಿಗಾಗಿ ಪಕ್ಕದಲ್ಲಿ ಕೈ ಆಡಿಸಿದ. ಸಿಗಲಿಲ್ಲ. ಗೋಡೆ ಹಿಡಿದು ಎದ್ದ.

“ಇನ್ನೊಂದ್ಸಲ ನಡೀಬೇಕಾ ಮಗಾ?” ಅಂದ.